ಮಾಲೆ ತೆಗೆದ ಮೇಲೆ ಜೊತೆಗೆ ಯಾರಿರುತ್ತಾರೆ?

ಸಿಗರೇಟ್ ಬಿಡಬೇಕು ಅಂದವನಿಗೆ ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ಮನಸ್ಸು ಗಟ್ಟಿ ಮಾಡ್ಕೋ." ಹೇಳುವವರಿಗೆ ಕಾಳಜಿ ಇಲ್ಲ ಅಂತಲ್ಲ. ಆದರೆ ಇಷ್ಟು ಹೇಳಿ ಅವರು ತಮ್ಮ ದಾರಿ ಹಿಡಿಯುತ್ತಾರೆ. ಬಿಡಬೇಕಾದವನು ಒಬ್ಬನೇ ಉಳಿಯುತ್ತಾನೆ. ಬಿಡೋಕೆ ಆಗಲಿಲ್ಲ ಅಂದರೆ ತಪ್ಪೆಲ್ಲ ಅವನ ಮನಸ್ಸಿನದು.

ನಾನು ಹಲವು ವರ್ಷ ಸೇದಿದವನು. ಬಿಟ್ಟು ಬಹಳ ಕಾಲವಾಯಿತು. ಈಗ ಬಿಡುತ್ತಿರುವವರ ಪಕ್ಕದಲ್ಲಿ ಕೂರುತ್ತೇನೆ. ಇಷ್ಟು ದಿನ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟೇ: ಈ ಚಟವನ್ನು ಯಾರೂ ಒಬ್ಬರೇ ಕೂತು ಕಲಿಯುವುದಿಲ್ಲ. ಹಾಗಿದ್ದ ಮೇಲೆ ಒಬ್ಬನೇ ಬಿಡು ಅಂತ ಯಾಕೆ ಹೇಳಬೇಕು?

ನಮ್ಮೂರು ಹುಣಸೂರಿನ ಕಡೆ. ಹುಣಸೂರು, ಪಿರಿಯಾಪಟ್ಟಣ ಅಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಊರಲ್ಲಿ ಹೊಗೆಸೊಪ್ಪು ಅನ್ನುತ್ತಾರೆ. ಸೊಪ್ಪು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಒಳಗೆ, ಅಂದರೆ ಸೊಪ್ಪು ಹದ ಮಾಡುವ ಮನೆಯೊಳಗೆ, ಸಾಲುಸಾಲಾಗಿ ನೇತುಹಾಕುತ್ತಾರೆ. ಆಮೇಲೆ ಸೌದೆ ಉರಿ. ಹಗಲೂ ರಾತ್ರಿ ಯಾರಾದರೂ ಬೆಂಕಿ ಕಾಯಲೇಬೇಕು. ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ರಾತ್ರಿಪಾಳಿ ಹುಡುಗರದ್ದು. ಬ್ಯಾರನ್ ಮುಂದೆ ನಾಲ್ಕೈದು ಜನ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಯಾರದ್ದೋ ಜೇಬಿನಿಂದ ಒಂದು ಬೀಡಿ ಬರುತ್ತಿತ್ತು. ಅದೇ ಸೌದೆಯ ಕೆಂಡದಿಂದ ಹಚ್ಚಿ, ಒಬ್ಬೊಬ್ಬರು ಒಂದೊಂದು ದಮ್ ಎಳೆದು ಮುಂದಿನವನಿಗೆ ಕೊಡುತ್ತಿದ್ದೆವು. ನನಗೆ ಆಗ ಬೀಡಿ ಬೇಕಾಗಿರಲಿಲ್ಲ. ಆ ಗುಂಪಿನಲ್ಲಿ ಕೂರುವುದು ಬೇಕಿತ್ತು.

ಆ ಬೆಳೆ ಬೆಳೆಯುವವರನ್ನು ದೂರುವ ಮನಸ್ಸು ನನಗಿಲ್ಲ. ನನ್ನ ಕಾಲೇಜು ಫೀಸು ಕಟ್ಟಿದ್ದು ಅದೇ ಸೊಪ್ಪಿನ ದುಡ್ಡು. ಮಳೆಯಲ್ಲಿ ನೆಂದ ಸೊಪ್ಪು ಮುರಿದು ಬಂದ ದಿನ ಅಮ್ಮನಿಗೆ ತಲೆಸುತ್ತು, ವಾಂತಿ. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಗ ನಾವೆಲ್ಲ ಬಿಸಿಲು ಮಳೆಯ ಆಯಾಸ ಅಂದುಕೊಂಡಿದ್ದೆವು.

ಮೈಸೂರಿಗೆ ಬಂದು ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಅಲ್ಲಿಯೂ ಅದೇ ಕಥೆ. ಬೆಳಗ್ಗೆ ಹನ್ನೊಂದಕ್ಕೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ, "ಬಾರೋ, ಒಂದು ದಮ್ ಹೊಡ್ದು ಬರೋಣ." ಸೇದುವವನು ಹೊರಗೆ ಹೋದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಸೇದದವನು ಸುಮ್ನೆ ಹೊರಗೆ ನಿಂತರೆ ಕೆಲಸ ಕದಿಯುತ್ತಿದ್ದಾನೆ ಅನ್ನುವ ನೋಟ. ಸಂಬಳ ಯಾವಾಗ ಆಗುತ್ತೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಏನು ಕಷ್ಟ, ಎಲ್ಲ ಮಾತೂ ಆ ಟೀ ಅಂಗಡಿಯ ಮುಂದೆಯೇ. ಸಿಗರೇಟ್ ಬಿಡು ಅಂತ ಹೇಳುವವರಿಗೆ ಇದು ಕಾಣುವುದೇ ಇಲ್ಲ. ಅದನ್ನು ಬಿಟ್ಟರೆ ಹೊಗೆ ಒಂದೇ ಹೋಗುವುದಿಲ್ಲ. ದಿನದ ಆ ಎರಡು ಹರಟೆಗಳೂ ಹೋಗುತ್ತವೆ. ಆ ಜಾಗಕ್ಕೆ ಬೇರೆ ಏನೂ ಬರದಿದ್ದರೆ ಮನುಷ್ಯ ವಾಪಸ್ ಅಲ್ಲಿಗೇ ಹೋಗುತ್ತಾನೆ.

ಇದನ್ನು ನನಗೆ ಚೆನ್ನಾಗಿ ತಿಳಿಸಿದ್ದು ಅಯ್ಯಪ್ಪನ ಮಾಲೆ.

ಪ್ರತಿ ವರ್ಷ ನವೆಂಬರ್ ಮಧ್ಯದಿಂದ ನಮ್ಮ ಪ್ರೆಸ್‌ನಲ್ಲಿ ಕೆಲವರು ಮಾಲೆ ಹಾಕುತ್ತಾರೆ. ಪೂರ್ತಿ ವ್ರತ ಅಂದರೆ 41 ದಿನ. ಕಪ್ಪು ಬಟ್ಟೆ, ಎರಡು ಹೊತ್ತು ತಣ್ಣೀರು ಸ್ನಾನ, ಚಾಪೆ ಮೇಲೆ ಮಲಗುವುದು. ಮಾಂಸ ಇಲ್ಲ, ಕುಡಿತ ಇಲ್ಲ, ಬೀಡಿ ಸಿಗರೇಟ್ ಇಲ್ಲ. ದಿನಕ್ಕೆ ಒಂದು ಪ್ಯಾಕ್ ಮುಗಿಸುತ್ತಿದ್ದ ಮೆಷಿನ್‌ಮನ್ ಒಬ್ಬರು ಮಾಲೆ ಹಾಕಿದ ದಿನದಿಂದ ಒಂದನ್ನೂ ಮುಟ್ಟುತ್ತಿರಲಿಲ್ಲ. ನನಗೆ ಆಶ್ಚರ್ಯವಾಗುತ್ತಿತ್ತು. ಇಷ್ಟು ದಿನ ಬಿಡೋಕೆ ಆಗುವವರಿಗೆ ಮುಂದಕ್ಕೂ ಯಾಕೆ ಆಗಲ್ಲ?

ಭಕ್ತಿ ಇದೆ, ಅದು ದೊಡ್ಡದು. ಅದರ ಜೊತೆಗೆ ಇನ್ನೊಂದು ನಡೆಯುವುದನ್ನೂ ನೋಡಿದೆ. ಮಾಲೆ ಹಾಕಿದವರಿಗೆ ಊರಿಗೆ ಊರೇ ಒತ್ತಾಸೆಯಾಗಿ ನಿಲ್ಲುತ್ತದೆ. ಅಂಗಡಿಯವನು ಸಿಗರೇಟ್ ಡಬ್ಬಿಗೆ ಕೈ ಹಾಕದೆ "ಸ್ವಾಮಿ, ಟೀನಾ?" ಅಂತ ಕೇಳುತ್ತಾನೆ. ಜೊತೆಯಲ್ಲಿ ಸೇದುತ್ತಿದ್ದವರೇ ಅವರು ಬಂದರೆ ಕೈಯಲ್ಲಿರುವುದನ್ನು ಕೆಳಗೆ ಹಾಕಿ ಕಾಲಲ್ಲಿ ಹೊಸಕುತ್ತಾರೆ. ಹೆಂಡತಿ ಮಕ್ಕಳೂ ಸ್ವಾಮಿ ಅಂತಲೇ ಕರೆಯುತ್ತಾರೆ. ಸಂಜೆಯಾದರೆ ಭಜನೆ, ಅಲ್ಲಿ ಅದೇ ವ್ರತದಲ್ಲಿರುವ ಹತ್ತಾರು ಜನ. ಮೈಮನಸ್ಸು ಸಿಡಿಮಿಡಿ ಅನ್ನುವ ಹೊತ್ತಿಗೆ ಒಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಕಷ್ಟ ಏನು ಅಂತ ಗುರುಸ್ವಾಮಿಗೆ ಹೇಳಿಕೊಳ್ಳಬಹುದು, ಅವರು ಅದನ್ನು ದಾಟಿ ಬಂದವರು.

ಜನವರಿಯಲ್ಲಿ ಶಬರಿಮಲೆಯಿಂದ ವಾಪಸ್ ಬರುತ್ತಾರೆ. ಮಾಲೆ ತೆಗೆಯುತ್ತಾರೆ. ಅವತ್ತಿನಿಂದ ಅಂಗಡಿಯವನು ಮತ್ತೆ ಹೆಸರು ಹಿಡಿದು ಕರೆಯುತ್ತಾನೆ. ಗೆಳೆಯರು, "ಏನಪ್ಪಾ, ಮುಗೀತಲ್ಲ ವ್ರತ" ಅಂತ ಪ್ಯಾಕ್ ಮುಂದೆ ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಮೈಯಲ್ಲಿ ನಿಕೋಟಿನ್ ಒಂದು ಹನಿಯೂ ಇರುವುದಿಲ್ಲ. ಬಿಡುವಾಗಿನ ಕಿರಿಕಿರಿ ಹೆಚ್ಚಾಗಿ ಮೂರು ನಾಲ್ಕು ವಾರದಲ್ಲೇ ಇಳಿದುಹೋಗಿರುತ್ತದೆ. ಕಷ್ಟದ ಭಾಗವೆಲ್ಲ ಮುಗಿಸಿಕೊಂಡೇ ಬಂದಿರುತ್ತಾರೆ. ಆದರೂ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ಅವರ ಮನಸ್ಸು ಒಂದೇ ದಿನದಲ್ಲಿ ಮೆತ್ತಗಾಯಿತು ಅಂತ ನಾನು ನಂಬುವುದಿಲ್ಲ. ಅವರ ಸುತ್ತ ನಿಂತಿದ್ದವರು ಒಟ್ಟಿಗೇ ಎದ್ದು ಹೋದರು, ಅಷ್ಟೇ. ರಂಜಾನ್ ಉಪವಾಸ ಮುಗಿದ ಮೇಲೆ ನನ್ನ ಮುಸ್ಲಿಂ ಗೆಳೆಯರಲ್ಲೂ ಇದನ್ನೇ ಕಂಡಿದ್ದೇನೆ.

ಇದು ನನ್ನೊಬ್ಬನ ಊಹೆ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ ಹೃದಯದ ಕಾಯಿಲೆಗಳ ಬಗ್ಗೆ ದಶಕಗಳಿಂದ ಒಂದು ಅಧ್ಯಯನ ನಡೆಯುತ್ತಿದೆ. ಅದರ ದಾಖಲೆಗಳಿಂದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅನ್ನುವವರು 12,067 ಜನರ ಸಂಬಂಧಗಳನ್ನು ಜೋಡಿಸಿ ನೋಡಿದರು. 1971ರಿಂದ 2003ರವರೆಗೆ ಯಾರು ಸೇದುತ್ತಿದ್ದರು, ಯಾರು ಬಿಟ್ಟರು, ಯಾರು ಯಾರಿಗೆ ಏನಾಗಬೇಕು ಅಂತ. 2008ರಲ್ಲಿ ಅದು ಪ್ರಕಟವಾಯಿತು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ 67% ಕಡಿಮೆ. ಗೆಳೆಯ ಬಿಟ್ಟರೆ 36%, ಒಡಹುಟ್ಟಿದವರು ಬಿಟ್ಟರೆ 25% ಕಡಿಮೆ. ಸಣ್ಣ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುವವರು ಬಿಟ್ಟರೆ 34%. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಬಿಟ್ಟಿದ್ದರು. ಆ ಕೊನೆಯ ಅಂಕಿಯನ್ನು ಓದಿದಾಗ ನನಗೆ ನಮ್ಮ ಪ್ರೆಸ್ ನೆನಪಾಯಿತು. ನಾವಿರುವುದೇ ಒಂದು ಕೈಬೆರಳೆಣಿಕೆಯಷ್ಟು ಜನ.

ನನ್ನನ್ನು ಬಿಡಿಸಿದ್ದು ನಮ್ಮ ಬೈಂಡಿಂಗ್ ವಿಭಾಗದ ಹಿರಿಯರೊಬ್ಬರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಐವತ್ತು ದಾಟಿದ ಮೇಲೆ ಬೀಡಿ ಬಿಟ್ಟವರು. ನಾನು ಬಿಡುತ್ತೇನೆ ಅಂತ ಅವರಿಗೆ ಹೇಳಿದಾಗ ಅವರು ಬುದ್ಧಿ ಹೇಳಲಿಲ್ಲ. "ಯಾವ ಹೊತ್ತಲ್ಲಿ ಜಾಸ್ತಿ ಬೇಕನ್ಸುತ್ತೆ?" ಅಂತ ಕೇಳಿದರು. ನಾಲ್ಕು ಗಂಟೆಗೆ ಅಂದೆ. "ಹಂಗಾದ್ರೆ ನಾಲ್ಕಕ್ಕೆ ನನ್ನ ಹತ್ರ ಬಾ."

ಹೋದೆ. ಮುಂದೆ ಒಂದು ಕಟ್ಟು ಫಾರಂ ಇಟ್ಟರು. ಒಂದು ದೊಡ್ಡ ಹಾಳೆ, ಎರಡು ಕಡೆ ಸೇರಿ ಹದಿನಾರು ಪುಟ. ಅದನ್ನು ಮೂರು ಸಲ ಮಡಿಸಬೇಕು. ಪುಟದ ನಂಬರಿನ ಮೇಲೆ ನಂಬರು ಕೂರಬೇಕು, ಆಮೇಲೆ ಪಟ್ಟಿಯಿಂದ ಮಡಿಕೆಯ ಮೇಲೆ ಒಂದು ಸಲ ಒತ್ತಿ ಎಳೆಯಬೇಕು. ಪ್ರೂಫ್ ನೋಡುವ ನನಗೆ ಅದು ಬರುತ್ತಿರಲಿಲ್ಲ. ಮೊದಲ ಮಡಿಕೆ ಸೊಟ್ಟ, ಅಣ್ಣ ಬಿಚ್ಚಿಸಿ ಮತ್ತೆ ಮಡಿಸಿದರು. ಹೆಬ್ಬೆರಳಿನಿಂದ ಅಂಚು ಹಿಡಿ, ಗಾಳಿ ಹೋಗಲಿ, ಈಗ ಎಳಿ ಅಂತ. ಎರಡೂ ಕೈಗೆ ಕೆಲಸ, ಕಣ್ಣಿಗೂ ಕೆಲಸ. ಹತ್ತು ಫಾರಂ ಮಡಿಸುವ ಹೊತ್ತಿಗೆ ಬೇಕು ಬೇಕು ಅನ್ನುತ್ತಿದ್ದುದು ಇಳಿದಿರುತ್ತಿತ್ತು. ಆಮೇಲೆ ಅಗ್ರಹಾರದ ಕಡೆ ನಡೆದುಕೊಂಡು ಹೋಗಿ, ಸಿಗರೇಟ್ ಮಾರದ ಒಂದು ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿದು ಬರುತ್ತಿದ್ದೆವು. ಹರಟೆ ಅಲ್ಲಿಗೆ ಬಂತು.

ಅಣ್ಣ ಯಾವ ಪುಸ್ತಕವನ್ನೂ ಓದಿ ಹೀಗೆ ಮಾಡಿದ್ದಲ್ಲ. ಆದರೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಸೇದಬೇಕು ಅನ್ನುವ ತುಡಿತ ಒಂದು ಸಲಕ್ಕೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಆ ಕೆಲವು ನಿಮಿಷ ದಾಟಿಸುವುದೇ ಜೊತೆಗಾರನ ಕೆಲಸ. ಇಡೀ ಜೀವಮಾನಕ್ಕೆ ಬಿಡು ಅಂದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಫಾರಂ ಮುಗಿಯುವವರೆಗೆ ಅಂದರೆ ಆಗುತ್ತದೆ.

ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧ ಆಗುತ್ತದೆ. ಅದಕ್ಕೇ ಗಂಟೆ ಹೊಡೆದ ಹಾಗೆ ಮೈ ಮತ್ತೆ ಮತ್ತೆ ಕೇಳುವುದು. ಬಿಟ್ಟ ಎರಡನೇ, ಮೂರನೇ ದಿನ ತುಂಬಾ ಕಷ್ಟ. ತಲೆನೋವು, ನಿದ್ದೆ ಸರಿ ಬರಲ್ಲ, ಸಣ್ಣ ಮಾತಿಗೂ ಸಿಟ್ಟು, ಹಸಿವು ಜಾಸ್ತಿ. ಇನ್ನೊಂದು ಸಂಗತಿಯನ್ನು ಯಾರೂ ಹೇಳಿಕೊಳ್ಳುವುದಿಲ್ಲ, ನಾಚಿಕೆ. ಬೆಳಗ್ಗೆ ಒಂದು ಸೇದದಿದ್ದರೆ ಹೊಟ್ಟೆ ಸರಿಯಾಗಿ ಹೋಗುವುದಿಲ್ಲ. ಎಷ್ಟೋ ಜನ ಇದೊಂದೇ ಕಾರಣಕ್ಕೆ ಮತ್ತೆ ಶುರುಮಾಡಿದ್ದನ್ನು ನೋಡಿದ್ದೇನೆ. ನಿಕೋಟಿನ್ ಕರುಳನ್ನೂ ಚುರುಕು ಮಾಡುತ್ತದೆ, ಅದು ನಿಂತಾಗ ಕೆಲವು ದಿನ ಮಲಬದ್ಧತೆ ಸಹಜ. ಬಿಸಿನೀರು, ಬಾಳೆಹಣ್ಣು, ಸೊಪ್ಪಿನ ಪಲ್ಯ, ಬೆಳಗಿನ ನಡಿಗೆ. ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಬಿಡುವವನು ಹೆದರುವುದಿಲ್ಲ.

ಮನೆಯವರ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಆಣೆ ಮಾಡಿಸುವ ರೂಢಿ ಇದೆಯಲ್ಲ, ಅದು ನನಗೆ ತೀರಾ ಬೇಸರದ ವಿಷಯ. "ಮಗಳ ತಲೆ ಮೇಲೆ ಕೈ ಇಟ್ಟು ಹೇಳಿ, ಇನ್ನು ಸೇದಲ್ಲ ಅಂತ." ಪ್ರೀತಿಯಿಂದಲೇ ಮಾಡಿಸುತ್ತಾರೆ. ಆದರೆ ಬಿಡುವವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಬಿಡುವುದಿಲ್ಲ, ಮಧ್ಯೆ ಜಾರುತ್ತಾರೆ. ಆಣೆ ಮಾಡಿದವನು ಜಾರಿದರೆ ಏನು ಮಾಡಬೇಕು? ಮಗಳ ತಲೆ ಮೇಲೆ ಮಾಡಿದ ಆಣೆ ಮುರಿದೆ ಅಂತ ಯಾವ ಬಾಯಲ್ಲಿ ಹೇಳುತ್ತಾನೆ? ಬಚ್ಚಿಡುತ್ತಾನೆ. ಏಲಕ್ಕಿ ಅಗಿದು, ಕೈ ತೊಳೆದು, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾನೆ. ಒಂದು ಸಲ ಬಚ್ಚಿಡಲು ಶುರುಮಾಡಿದ ಮೇಲೆ ಅವನಿಗೆ ಯಾರೂ ಸಹಾಯ ಮಾಡಲಾರರು. ಮಗು ಅಪ್ಪನ ಸಿಗರೇಟಿಗೆ ಜಾಮೀನು ನಿಲ್ಲಬೇಕಾಗಿಲ್ಲ. ಅಪ್ಪನ ಪಕ್ಕ ಬಂದು ಐದು ನಿಮಿಷ ಚೌಕಾಬಾರ ಆಡಿದರೆ ಸಾಕು.

ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಆ ಮೊದಲ ಒಂದೆರಡು ವಾರದ ಸಿಟ್ಟನ್ನು ತಡೆದುಕೊಳ್ಳುವುದು. ನನ್ನ ಹೆಂಡತಿ ಅದನ್ನು ಮಾಡಿದಳು. ಸಾರಿಗೆ ಉಪ್ಪು ಕಡಿಮೆ ಅಂತ ನಾನು ತಟ್ಟೆ ತಳ್ಳಿದ ದಿನ ಅವಳು ಒಂದೇ ಮಾತು ಹೇಳಿದಳು: "ಇದು ನೀವಲ್ಲ, ಅದು ಇಲ್ಲದ್ದಕ್ಕೆ. ಹೊರಗೆ ಒಂದು ಸುತ್ತು ಹೋಗ್ಬರೋಣ ಬನ್ನಿ." ಚಪ್ಪಲಿ ಮೆಟ್ಟಿಕೊಂಡು ಅವಳೇ ಮೊದಲು ಹೊರಟಳು. ಆ ಮಾತು ನನಗೆ ಕೊಟ್ಟಷ್ಟು ಧೈರ್ಯವನ್ನು ಯಾವ ಔಷಧಿಯೂ ಕೊಟ್ಟಿಲ್ಲ.

ಹಾಗಂತ ಔಷಧಿ ಬೇಡ ಅಂತಲ್ಲ. ಕೆಲವರಿಗೆ ಚಟ ಬಹಳ ಆಳಕ್ಕೆ ಇಳಿದಿರುತ್ತದೆ. ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ ಬೇಕು ಅನ್ನುವವರು ವೈದ್ಯರನ್ನು ಕಾಣುವುದು ಒಳ್ಳೆಯದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ನಿಕೋಟಿನ್ ಗಮ್ಮನ್ನು ಹೆಚ್ಚಿನವರು ಬಬಲ್ ಗಮ್ಮಿನ ಹಾಗೆ ಜಗಿಯುತ್ತಾರೆ. ಬಿಕ್ಕಳಿಕೆ, ಗಂಟಲು ಉರಿ, ವಾಕರಿಕೆ ಬಂದು ಇದು ಆಗಲ್ಲ ಅಂತ ಉಗಿಯುತ್ತಾರೆ. ನಿಧಾನಕ್ಕೆ ಒಂದಷ್ಟು ಸಲ ಜಗಿದು, ಬಾಯಲ್ಲಿ ಚುರುಚುರು ಅಂದಾಗ ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ, ಟೀ, ಹಣ್ಣಿನ ರಸ ಕುಡಿದ ತಕ್ಷಣ ಹಾಕಿಕೊಂಡರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಇದನ್ನೂ ಪಕ್ಕದಲ್ಲಿ ಕೂತು ತೋರಿಸಿಕೊಡಬೇಕು.

ಎಲ್ಲರಿಗೂ ಅಣ್ಣನಂಥವರು ಸಿಗುವುದಿಲ್ಲ, ಗೊತ್ತು. ಹೆಣ್ಣುಮಕ್ಕಳಿಗಂತೂ ಸಿಗುವುದೇ ಇಲ್ಲ. ನಮ್ಮ ನೆಂಟರ ಪೈಕಿ ಒಬ್ಬಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಳು. ಬಿಡಬೇಕು ಅಂತ ಅವಳಿಗೆ ತುಂಬಾ ಆಸೆ ಇತ್ತು. ಆದರೆ ಬಿಡುತ್ತೇನೆ ಅನ್ನಬೇಕಾದರೆ ಸೇದುತ್ತಿದ್ದೆ ಅಂತ ಮೊದಲು ಹೇಳಬೇಕಲ್ಲ! ಅಪ್ಪ ಅಮ್ಮನಿಗೆ ಹೇಳುವ ಹಾಗಿಲ್ಲ, ಅತ್ತಿಗೆಗೂ ಇಲ್ಲ. ಗಂಡಸರಿಗೆ ಸಿಗುವ ಶಾಭಾಸ್‌ಗಿರಿ ಅವಳಿಗೆ ಇಲ್ಲವೇ ಇಲ್ಲ. ಅವಳಿಗೆ ನೆರವಾಗಿದ್ದು ಪ್ಯಾಕಿನ ಮೇಲೆ ಅಚ್ಚಾಗಿರುವ ಆ ನಂಬರು, 1800-11-2356. ಸರ್ಕಾರದ ಕ್ವಿಟ್‌ಲೈನ್ ಅದು, ಚಟ ಬಿಡುವವರಿಗೆ ಫೋನಿನಲ್ಲೇ ನೆರವು ಕೊಡುತ್ತಾರೆ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತು ಮಾಡಿಕೊಂಡರೆ ಆಮೇಲೆ ಅವರೇ ತಿರುಗಿ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುತ್ತಾರೆ. "ಅಣ್ಣಾ, ಅವರು ನನ್ನನ್ನ ಒಂದ್ಸಲಾನೂ ಯಾಕೆ ಸೇದ್ತೀರಿ ಅಂತ ಕೇಳ್ಲಿಲ್ಲ" ಅಂತ ಅವಳು ನನಗೆ ಹೇಳಿದಾಗ ದನಿ ನಡುಗುತ್ತಿತ್ತು.

"ಈ ವಯಸ್ಸಲ್ಲಿ ಬಿಟ್ಟು ಇನ್ನೇನು" ಅನ್ನುವವರೂ ಬಹಳ. ಬ್ರಿಟನ್ನಿನಲ್ಲಿ 1951ರಿಂದ 50 ವರ್ಷ ವೈದ್ಯರನ್ನೇ ಹಿಂಬಾಲಿಸಿದ ಅಧ್ಯಯನ ಒಂದಿದೆ. ರಿಚರ್ಡ್ ಡಾಲ್ ಅದನ್ನು ಶುರುಮಾಡಿದವರಲ್ಲಿ ಒಬ್ಬರು. ಅದಕ್ಕೂ ಮುಂಚೆ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಲೆಕ್ಕ ಹಾಕುತ್ತಿದ್ದಾಗ ಏನು ಕಾಣುತ್ತಿದೆ ಅಂತ ಗೊತ್ತಾಗಿ ಅವರೂ ಸಿಗರೇಟ್ ಬಿಟ್ಟಿದ್ದರು. ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮುಂಚೆ ಸತ್ತಿದ್ದರು. 60ಕ್ಕೆ ಬಿಟ್ಟವರಿಗೆ ಸುಮಾರು 3 ವರ್ಷ ವಾಪಸ್ ಸಿಕ್ಕಿತು, 50ಕ್ಕೆ ಬಿಟ್ಟವರಿಗೆ 6, 40ಕ್ಕೆ ಬಿಟ್ಟವರಿಗೆ 9. ನಾನು ಇದನ್ನು ಅಣ್ಣನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಬೆರಳು ಮಡಿಸಿ ಎಣಿಸಿ, "ಮೊಮ್ಮಗಳ ಎಸ್‌ಎಸ್‌ಎಲ್‌ಸಿ ನೋಡ್ಬೋದು ಹಂಗಾದ್ರೆ" ಅಂದರು.

ಕಾನೂನೂ ಒಂದು ಕೈ ಹಿಡಿಯುತ್ತದೆ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವ ಹಾಗಿಲ್ಲ ಅಂತ ನಮ್ಮ ರಾಜ್ಯದಲ್ಲಿ 2017ರಲ್ಲೇ ಆಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕೊಳ್ಳುವ ವಯಸ್ಸು 21 ಆಗಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿ. ಆದರೂ ಒಂದೊಂದೇ ಸಿಗರೇಟ್ ಕೇಳಿದರೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಹೊಸದಾಗಿ ಬಿಟ್ಟವನನ್ನು ಬೀಳಿಸುವುದು ಹೆಚ್ಚಾಗಿ ಆ ಒಂದೇ ಸಿಗರೇಟ್. ಹಾಗಾಗಿ ಅಂಗಡಿಯವರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಪ್ರೆಸ್ ಎದುರಿನ ಅಂಗಡಿಯವರಿಗೆ ನಾವು ಹೇಳಿದ್ದೇವೆ. ಬಿಟ್ಟವರು ಬಂದು ಕೇಳಿದರೆ ಅವರು ಕಡ್ಲೆಮಿಠಾಯಿ ಜಾಡಿ ಮುಂದಕ್ಕೆ ತಳ್ಳುತ್ತಾರೆ. ಅವರ ವ್ಯಾಪಾರ, ಕೊಡಲ್ಲ ಅನ್ನಬೇಕಾಗಿರಲಿಲ್ಲ. ಆದರೂ ಮಾಡುತ್ತಾರೆ. ಅವರಿಗೆ ನಾನು ಋಣಿ.

ಮೊನ್ನೆ ನಮ್ಮ ಡಿಟಿಪಿ ಹುಡುಗ ಅಕ್ಕನ ಮದುವೆಗೆ ಹೋಗಿದ್ದವನು ಛತ್ರದ ಹಿಂದೆ ಗೆಳೆಯರ ಜೊತೆ ಸೇದಿಬಿಟ್ಟಿದ್ದ. ಮಾರನೇ ದಿನ ಬಂದವನೇ ಅಣ್ಣನ ಹತ್ತಿರ ಹೋಗಿ ಹೇಳಿದ. ಅಣ್ಣ ಕೆಲಸದಿಂದ ತಲೆ ಎತ್ತಿ, "ಇವತ್ತು?" ಅಂದರು. "ಇವತ್ತು ಇಲ್ಲ ಅಣ್ಣ." "ಸರಿ, ಫಾರಂ ತಗೋ." ಅಷ್ಟೇ. ಬೈಗುಳ ಇಲ್ಲ, ಮತ್ತೆ ಮೊದಲಿನಿಂದ ಲೆಕ್ಕ ಶುರು ಅನ್ನುವುದಿಲ್ಲ. ಅವನು ತಾನಾಗಿಯೇ ಬಂದು ಹೇಳಿದ್ದನ್ನು ನಾನು ದೊಡ್ಡ ಗೆಲುವು ಅಂತಲೇ ಎಣಿಸುತ್ತೇನೆ.

ಈ ಸಲ ಮಾಲೆ ಹಾಕಿರುವ ನಮ್ಮವರ ಜೊತೆ ಮೊದಲೇ ಮಾತಾಡಿಕೊಂಡಿದ್ದೇವೆ. ಗುರುಸ್ವಾಮಿಯವರೂ ಒಪ್ಪಿದ್ದಾರೆ. ಮಾಲೆ ತೆಗೆದ ಮೇಲೂ ಸಂಜೆಯ ಭಜನೆಯ ಹೊತ್ತಿಗೆ ಅದೇ ಜಾಗದಲ್ಲಿ ಸೇರುವುದು, ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಭಜನೆ ಇದ್ದರೆ ಭಜನೆ, ಇಲ್ಲದಿದ್ದರೆ ಕಾಫಿ. ನಿಮ್ಮ ಬೀದಿಯಲ್ಲೂ ಕಪ್ಪು ಬಟ್ಟೆ ಉಟ್ಟವರು ಇರುತ್ತಾರೆ. ಅವರಲ್ಲಿ ಯಾರು ಮೊದಲು ಸೇದುತ್ತಿದ್ದರು ಅಂತ ನಿಮಗೆ ಗೊತ್ತಿರುತ್ತದೆ. ಬೆಟ್ಟದಿಂದ ವಾಪಸ್ ಬಂದ ವಾರ ಅವರಿಗೆ ಒಂದು ಫೋನ್ ಮಾಡಿ. ಪ್ರಸಾದ ಕೇಳುವ ನೆಪದಲ್ಲಾದರೂ ಸಂಜೆ ಅವರ ಮನೆಗೆ ಹೋಗಿ, ಸ್ವಲ್ಪ ಹೊತ್ತು ಕೂತು ಬನ್ನಿ.